ಸತ್ತ ಹುಳ ಎಣಿಸಿದ ಬೆಳೆ

ಲ್ಯಾಬಿನ ಮೇಡಂ ಕೂಟಗಲ್ ಕಡೆಯ ನನ್ನ ಚಾಕಿ ಕೇಂದ್ರಕ್ಕೆ ಬಂದ ದಿನ ಮೊದಲು ಮಾಡಿದ ಕೆಲಸವೆಂದರೆ, ಮಾದರಿಗೆಂದು ನಾನು ಮೇಜಿನ ಮೇಲಿಟ್ಟಿದ್ದ ಒಂದು ಒಳ್ಳೆಯ ಬಿಳಿ ಗೂಡನ್ನು ಬ್ಲೇಡಿನಿಂದ ಎರಡು ಹೋಳು ಮಾಡಿದ್ದು. ರೇಷ್ಮೆಯವರಿಗೆ ಗೂಡು ಕೊಯ್ದರೆ ಅಲ್ಲಿಗೆ ಮುಗಿಯಿತು. ಒಂದೇ ಎಳೆಯಾಗಿ ಬಿಚ್ಚಬೇಕಾದ ನೂಲು ಕಸವಾಗುತ್ತದೆ. ಆಕೆ ಒಳಗಿನ ಹುಳುವನ್ನು ಕಾಗದದ ಮೇಲೆ ಉದುರಿಸಿ, ಖಾಲಿ ಸಿಪ್ಪೆಯನ್ನು ಬೆಳಕಿಗೆ ಹಿಡಿದು, “ನಮಗೆ ನೂಲು ಬೇಡ, ಇದಷ್ಟೇ ಸಾಕು” ಎಂದರು.

ಆಮೇಲೆ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಅದರೊಳಗೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ, ಅಂಗೈಯಗಲದ ಒಂದು ಹಾಳೆ. ಗೂಡಿನ ಸಿಪ್ಪೆಯ ಅಂಟು ತೆಗೆದು, ಕರಗಿಸಿ, ಮತ್ತೆ ಹಾಳೆಯಾಗಿ ಹರಡಿದ್ದಂತೆ. ಸುಟ್ಟ ಗಾಯದ ಮೇಲೆ ಹಾಕಿದರೆ ಕಿತ್ತು ತೆಗೆಯಬೇಕಿಲ್ಲ, ಚರ್ಮ ಅದರ ಕೆಳಗೇ ಕೂಡಿಕೊಳ್ಳುತ್ತದೆ ಎಂಬುದು ಅವರ ಲೆಕ್ಕ. ಇನ್ನೂ ಪರೀಕ್ಷೆಯ ಹಂತ. ಅದಕ್ಕೆ ಬೇಕಾದ ಗೂಡು ಮಾರುಕಟ್ಟೆಯ ಗೂಡಲ್ಲ. ಆವಿಯಲ್ಲಿ ಬೇಯಿಸಿರಬಾರದು, ಬಿಸಿಲಿಗೆ ಹಾಕಿರಬಾರದು, ತೋಟಕ್ಕೆ ಔಷಧಿ ಹೊಡೆದಿರಬಾರದು, ಮೂರನೇ ಜ್ವರ ಎದ್ದ ಮೇಲೆ ಹುಳುವಿನ ಮೇಲೆ ಸುಣ್ಣವನ್ನಾಗಲಿ ಪುಡಿಯನ್ನಾಗಲಿ ಉದುರಿಸಿರಬಾರದು.

ಓದುವವರಲ್ಲಿ ರೇಷ್ಮೆ ಗೊತ್ತಿಲ್ಲದವರೂ ಇರುತ್ತೀರಿ, ಅದಕ್ಕೆ ಹೇಳುತ್ತೇನೆ. ಹುಳು ಪೊರೆ ಬಿಡುವ ಮುಂಚೆ ತಿನ್ನುವುದು ನಿಲ್ಲಿಸಿ, ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಅಂಥ ಜ್ವರ ನಾಲ್ಕು. ಮೊಟ್ಟೆ ಒಡೆದು ಎರಡನೇ ಜ್ವರಕ್ಕೆ ಕೂರುವ ತನಕ ಎಳೆ ಹುಳುವನ್ನು ಸಾಕಿ ರೈತರ ಕೈಗೆ ಕೊಡುವುದು ಚಾಕಿ, ನನ್ನ ಕಸುಬು. ಅಲ್ಲಿಂದ ಗೂಡು ಕಟ್ಟುವ ತನಕ ರೈತನ ಪಾಡು. ನನಗೆ ಚಾಕಿಯ ಜೊತೆಗೆ ಸ್ವಂತ ಹುಳುಮನೆಯೂ ಇದೆ.

ಮೇಡಂ ಹೇಳಿದ ದರ ಮಾರುಕಟ್ಟೆಗಿಂತ ಎಷ್ಟೋ ಮೇಲಿತ್ತು. ನಾನು ಮುಖ ಸಿಂಡರಿಸಿಕೊಂಡೆ. ದರ ಕೇಳಿದ ತಕ್ಷಣ ಮುಖ ಅರಳಿಸುವವನು ವ್ಯಾಪಾರ ಮಾಡಬಾರದು. ಆಕೆ ಅದಕ್ಕೆ ಬಗ್ಗಲಿಲ್ಲ. “ಒಂದು ಬೆಳೆ ಇಬ್ಬರ ಮನೇಲಿ ನೋಡ್ತೀವಿ. ಒಂದೇ ಚಾಕಿಯ ಹುಳ, ಎರಡು ಮನೆ. ಆಮೇಲೆ ಒಬ್ಬರನ್ನ ಇಟ್ಕೋತೀವಿ, ವರ್ಷಪೂರ್ತಿ. ಒಬ್ಬರು ನೀವು. ಇನ್ನೊಬ್ಬರು ಯಾರಾದ್ರೂ ಇದ್ದಾರಾ?”

ನಾನು ನನ್ನ ಷಡ್ಡಕನ ಹೆಸರು ಹೇಳಿದೆ.

ಇದರಲ್ಲಿ ದೊಡ್ಡ ಮನಸ್ಸೇನೂ ಇರಲಿಲ್ಲ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ನಮ್ಮ ಲಾಟಿನ ಪಕ್ಕದಲ್ಲಿ ಸಪ್ಪೆ ಲಾಟ್ ಇರುವ ಹಾಗೆ ಜಾಗ ಹಿಡಿಯುವುದು ನನಗೆ ಹಳೇ ಅಭ್ಯಾಸ. ಪಕ್ಕದವನದ್ದು ಕಲೆ ಗೂಡಾದರೆ ನಮ್ಮ ಸಾಧಾರಣ ಗೂಡೂ ಹೊಳೆಯುತ್ತದೆ. ಷಡ್ಡಕ ಇರುವುದು ಸಾವನದುರ್ಗದ ಬುಡದ ಒಂದು ಹಳ್ಳಿಯಲ್ಲಿ. ಒಂದೂವರೆ ಎಕರೆ ಹಿಪ್ಪುನೇರಳೆ, ನಲವತ್ತು ಚಿಲ್ಲರೆ ಕುರಿ. ಹುಳುಮನೆಯಲ್ಲಿ ಇರುವುದಕ್ಕಿಂತ ಕುರಿ ಹಿಂದೆ ಇರುವುದೇ ಹೆಚ್ಚು. ಅವನು ಬೆಳೆದ ಗೂಡನ್ನು ನಾನು ನೋಡಿದ್ದೆ. ಪಕ್ಕದಲ್ಲಿಟ್ಟುಕೊಳ್ಳಲು ಅದಕ್ಕಿಂತ ಒಳ್ಳೆಯ ಲಾಟ್ ಸಿಗುವುದಿಲ್ಲ ಎಂದುಕೊಂಡೆ.

ಇನ್ನೂ ಒಂದು ಕಾರಣವಿತ್ತು, ಅದನ್ನೂ ಬಚ್ಚಿಡುವುದಿಲ್ಲ. ಅವನ ಹೆಂಡತಿ ನನ್ನ ಹೆಂಡತಿಯ ತಂಗಿ. ಚನ್ನಪಟ್ಟಣದಾಚೆಯ ಅತ್ತೆಮನೆಗೆ ನಾನು ಹೋದರೆ “ಬಂದ್ರಾ, ಕೂತ್ಕೊಳಿ” ಎಂದು ಕುರ್ಚಿ ಹಾಕುತ್ತಾರೆ. ಅವನು ಹೋದರೆ “ಬಂದ್ಯೇನಪ್ಪ, ಬಿಸ್ಲಲ್ಲಿ ಸೊರಗೋಗಿದ್ದೀಯಲ್ಲೋ” ಎಂದು ಅತ್ತೆಯೇ ಎದ್ದು ಚೊಂಬಿನಲ್ಲಿ ನೀರು ತಂದುಕೊಡುತ್ತಾರೆ. ನಾನು ಕಟ್ಟಿಸಿದ ಕೇಂದ್ರ, ನನ್ನ ಹತ್ತಿರ ಚಾಕಿ ಒಯ್ಯುವ ಕನಕಪುರದ ತನಕದ ರೈತರು, ಇದೆಲ್ಲ ಆ ಮನೆಯಲ್ಲಿ ಒಂದು ಚೊಂಬು ನೀರಿಗೂ ಸಮವಾಗಲಿಲ್ಲ. ಇವನು ಮಣ್ಣುಗಾಲಲ್ಲಿ ಹೋಗಿ ಒಲೆ ಮುಂದೆ ಕೂತು ಮುದ್ದೆ ತಿನ್ನುತ್ತಾನೆ. ನಾನು ಕುರ್ಚಿಯಲ್ಲಿ ಕೂತು ಅದನ್ನು ನೋಡುತ್ತೇನೆ. ಒಂದು ಸಲವಾದರೂ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ, ಹೊರಗಿನವರು ಯಾರಾದರೂ ಅಳೆಯಲಿ ಎಂಬ ಆಸೆ ನನಗಿತ್ತು.

ಫೋನ್ ಮಾಡಿದೆ. “ಲೇ, ಒಂದೊಳ್ಳೆ ಕೆಲ್ಸ ಐತೆ ಕಣ್ಲಾ.”

“ಏನಣ್ಣ, ಕುರಿಗಾ?”

“ಕುರಿ ಬುಡ್ಲಾ ಅತ್ಲಾಗೆ. ಹುಳ ಮೇಯ್ಸೋದು. ಗೂಡು ಔಷಧಿಗೆ ಹೋಯ್ತದೆ.”

“ಔಷಧಿಗಾ? ಯಾವ ಕಾಯ್ಲೆಗಣ್ಣ?”

“ನಿನ್ನಂತೋರಿಗೆ ಬುದ್ಧಿ ಬರಕ್ಕೆ. ನಾಳೆ ಬಾ, ಮೇಡಂ ಹೇಳ್ತಾರೆ.”

ಮರುದಿನ ಮೇಡಂ ಇಬ್ಬರಿಗೂ ಒಂದೊಂದು ಉದ್ದನೆಯ ಪುಸ್ತಕ ಕೊಟ್ಟರು. ದಿನಕ್ಕೊಂದು ಸಾಲು. ಸೊಪ್ಪು ಹಾಕಿದ ಹೊತ್ತು, ಮನೆಯ ಶಾಖ, ತೇವ, ಒಳಗೆ ಹೋದವರು ಯಾರು. ಕೊನೆಯ ಎರಡು ಕಾಲಂ: ಸತ್ತ ಹುಳು ಎಷ್ಟು, ಯಾಕೆ. ಅದನ್ನು ನೋಡಿ ನನಗೆ ಒಳಗೊಳಗೇ ನಗು ಬಂತು. ಈ ಹೆಣ್ಣುಮಗಳಿಗೆ ಹುಳುಮನೆಯ ಮರ್ಯಾದೆ ಗೊತ್ತಿಲ್ಲ ಅಂದುಕೊಂಡೆ.

ಯಾಕೆಂದರೆ ಸತ್ತ ಹುಳುವಿನ ಮಾತು ನಾವು ಬಾಯಲ್ಲಿ ಆಡುವುದಿಲ್ಲ. ಹೊರಗಿನವರನ್ನು ಹುಳುಮನೆಗೆ ಬಿಡುವುದಿಲ್ಲ. “ಹುಳ ಹೆಂಗವೆ?” ಎಂದು ಯಾರಾದರೂ ಕೇಳಿದರೆ “ಅವೆ ಒಸಿ” ಎಂದು ತೇಲಿಸುತ್ತೇವೆ. ರೋಗದ ಹುಳುವನ್ನು ಮಂಕರಿಯಲ್ಲಿ ಹಾಕಿ, ಮೇಲೆ ಸೊಪ್ಪು ಮುಚ್ಚಿ, ಹಿತ್ತಲ ಗುಂಡಿಗೆ ಸುರಿದು ಸುಣ್ಣ ಹಾಕುತ್ತೇವೆ. ಎಣಿಸಿದರೆ ಇನ್ನಷ್ಟು ಸಾಯುತ್ತವೆ ಎನ್ನುವುದು ಹೆಂಗಸರ ನಂಬಿಕೆ. ನನ್ನದು ನಂಬಿಕೆಯಲ್ಲ, ವ್ಯಾಪಾರ. ನಿಮ್ಮ ಮನೆಯಲ್ಲಿ ಹಾಲುರೋಗ ಬಿದ್ದಿದೆ ಎಂಬ ಸುದ್ದಿ ನೂಲು ತೆಗೆಯುವವರ ಕಿವಿಗೆ ಬಿದ್ದರೆ ನಿಮ್ಮ ಲಾಟಿಗೆ ಕೂಗುವ ದರ ಅಲ್ಲೇ ಕುಸಿಯುತ್ತದೆ. ಚಾಕಿ ಒಯ್ಯಲು ಬಂದ ರೈತರಿಗೆಲ್ಲ ನಾನೇ ಹೇಳಿಕೊಟ್ಟ ಪಾಠ ಇದು: ಕೊಳ್ಳುವವನಿಗೆ ನಿನ್ನ ಹುಳುಕು ನಿನ್ನ ಬಾಯಿಂದ ಗೊತ್ತಾಗಬಾರದು.

ಹುಳು ಎರಡನೇ ಜ್ವರಕ್ಕೆ ಕೂತ ದಿನ ಹಂಚಿಕೆ ಮಾಡಿದೆ. ಇಬ್ಬರಿಗೂ ಐವತ್ತೈವತ್ತು ಮೊಟ್ಟೆಯ ಹುಳು. ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟದ್ದಷ್ಟೂ, ನಾನೂರು ಹುಳು. ಚಾಕಿ ಒಯ್ಯುವವರು ಒಂದು ಮಾತು ನೆನಪಿಡಿ: ಟ್ರೇಯಲ್ಲಿ ಹುಳುವೆಲ್ಲ ಒಂದೇ ಹದಕ್ಕೆ ಕೂತಿದೆಯೇ ನೋಡಿ ತೆಗೆದುಕೊಳ್ಳಿ. ಅರ್ಧ ಕೂತು ಅರ್ಧ ಇನ್ನೂ ಮೇಯುತ್ತಿದ್ದರೆ ಕೊನೆಯ ತನಕ ಹಿಂದುಮುಂದಾಗುತ್ತದೆ. ಇದು ಗೊತ್ತಿದ್ದೂ ನಾನು ಸಮನಾದ ಟ್ರೇಗಳನ್ನು ನನಗಿಟ್ಟುಕೊಂಡೆ. ಬಾಗಿಲ ಪಕ್ಕದ, ಗಾಳಿ ಹೊಡೆದು ಹದ ತಪ್ಪಿದ ಟ್ರೇಗಳನ್ನು ಅವನ ಟೆಂಪೋಗೆ ಹತ್ತಿಸಿದೆ. ಅವನು ನೋಡಲೂ ಇಲ್ಲ. “ನೀನು ಕೊಟ್ಟಿದ್ದೇ ಸರಿ ಬುಡಣ್ಣ” ಎಂದು ಗಾಡಿ ತೆಗೆದ. ಆ ಮಾತಿಗೆ ನನಗೆ ಬೇಸರವಾಗಬೇಕಿತ್ತು. ಸಿಟ್ಟು ಬಂತು. ಇಷ್ಟು ಸುಲಭವಾಗಿ ನಂಬುವವನ ಎದುರು ಗೆದ್ದರೂ ಸುಖವಿಲ್ಲ.

ನಾಲ್ಕನೇ ಜ್ವರದ ತನಕ ನನ್ನ ಮನೆಯಲ್ಲಿ ಎಲ್ಲ ಸರಿಯಿತ್ತು. ಪುಸ್ತಕದ ಕೊನೆಯ ಕಾಲಮ್ಮಿಗೆ ದಿನವೂ ಸೊನ್ನೆ ಬರೆದೆ. ಅಲ್ಲೊಂದು ಇಲ್ಲೊಂದು ಸತ್ತಿರಲಿಲ್ಲವೇ? ಸತ್ತಿದ್ದವು. ಅವನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಷಡ್ಡಕ ಮಾತ್ರ ದಿನಾ ಬೆಳಿಗ್ಗೆ ಫೋನ್ ಮಾಡಿ ಸಾವಿನ ಸುದ್ದಿ ಓದುತ್ತಿದ್ದ. “ಅಣ್ಣೋ, ಇವತ್ತು ಇಪ್ಪತ್ತಾರು.” “ಇವತ್ತು ಹನ್ನೊಂದು, ಆರು ಸೊಪ್ಪಿನಡೀಲಿ ಸಿಕ್ಕಾಕಂಡು ಸತ್ವು.” ನಾನು “ಅಯ್ಯೋ ಪಾಪ” ಎನ್ನುತ್ತಲೇ ಅವನ್ನೆಲ್ಲ ಮನಸ್ಸಿನಲ್ಲೇ ಕೂಡುತ್ತಿದ್ದೆ. ಅವನ ಸಾವು ಏರಿದಷ್ಟೂ ನನಗೆ ಆ ದಿನದ ಕಾಫಿ ರುಚಿಸುತ್ತಿತ್ತು.

ನಾಲ್ಕನೇ ಜ್ವರ ಎದ್ದ ಮೂರನೇ ದಿನ ನನ್ನ ಸರದಿ ಬಂತು. ಬೆಳಿಗ್ಗೆ ಸೊಪ್ಪಿನ ಕಡ್ಡಿ ಹಾಕಲು ಹೋದರೆ, ಸ್ಟ್ಯಾಂಡಿನ ಅಂಚಿನಲ್ಲಿ ಏಳೆಂಟು ಹುಳುಗಳು ನಿಲ್ಲದೆ ತೆವಳುತ್ತಿದ್ದವು. ಗಿಣ್ಣುಗಳು ಊದಿ, ಮೈ ಹೊಳೆಯುತ್ತಿತ್ತು. ಒಂದನ್ನು ಚಿಮಟದಲ್ಲಿ ಹಿಡಿದ ಕೂಡಲೇ ಚರ್ಮ ಹರಿದು ಹಾಲಿನಂಥ ರಸ ಸುರಿಯಿತು. ಹಾಲುರೋಗ. ಆ ರಸ ಬಿದ್ದ ಸೊಪ್ಪು ತಿಂದ ಹುಳುವೂ ಹೋಗುತ್ತದೆ.

ಬೇರೆ ಬೆಳೆಯಾಗಿದ್ದರೆ ಬುಟ್ಟಿ ಸುಣ್ಣ ತಂದು ಉದುರಿಸುತ್ತಿದ್ದೆ. ಈ ಸಲ ಅದಕ್ಕೆ ಅಪ್ಪಣೆಯಿಲ್ಲ. ಕೈಯಿಂದ ಆರಿಸುವುದೊಂದೇ ದಾರಿ. ನಾನೂ ಹೆಂಡತಿಯೂ ಎರಡು ಚಿಮಟ ಹಿಡಿದು, ಬ್ಲೀಚಿಂಗ್ ಪುಡಿ ಕಲಸಿದ ನೀರಿನ ಬಕೆಟ್ ಪಕ್ಕದಲ್ಲಿಟ್ಟುಕೊಂಡು, ಮೇಲಿನ ಅಂತಸ್ತಿನಿಂದ ಕೆಳಕ್ಕೆ ಕಡ್ಡಿ ಕಡ್ಡಿ ಎತ್ತಿ ನೋಡಿದೆವು. ಮಧ್ಯಾಹ್ನದ ಹೊತ್ತಿಗೆ ಬಕೆಟ್ಟಿನ ತಳ ಮುಚ್ಚಿತ್ತು. ಸಂಜೆಗೆ ಇನ್ನಷ್ಟು. ನಾಲ್ಕು ದಿನ ಹೀಗೇ ಮಾಡಿದೆವು. ಕಿಟಕಿ ತೆರೆದು ಗಾಳಿ ಬಿಟ್ಟೆವು, ಒದ್ದೆ ಸೊಪ್ಪು ನಿಲ್ಲಿಸಿದೆವು, ಹುಳುವನ್ನು ತೆಳ್ಳಗೆ ಹರಡಿದೆವು. ರೋಗ ಹಿಂಜರಿಯಿತು.

“ಎಷ್ಟು ಹೋಗಿರ್ಬೋದು?” ಎಂದೆ ಒಂದು ಸಂಜೆ, ಬಕೆಟ್ ಎತ್ತುತ್ತಾ.

“ಎಣಿಸ್ಬ್ಯಾಡಿ, ಸುಮ್ಕೆ ಸುರೀರಿ” ಎಂದಳು ಹೆಂಡತಿ. ಸುರಿದೆ. ಪುಸ್ತಕದಲ್ಲಿ ಸೊನ್ನೆ ಬರೆದೆ. ಅದನ್ನು ಬರೆಯುವಾಗ ಅಳುಕೂ ಆಗಲಿಲ್ಲ, ಇದನ್ನೂ ಹೇಳಿಬಿಡಬೇಕು.

ಆ ನಾಲ್ಕು ದಿನದಲ್ಲಿ ನನ್ನನ್ನು ತಿಂದದ್ದು ರೋಗಕ್ಕಿಂತ ಹೆಚ್ಚಾಗಿ ಬೇರೆ ಒಂದು ಸುದ್ದಿ. ಅಕ್ಕತಂಗಿಯರ ಫೋನಿನಲ್ಲಿ ಬಂದದ್ದು. “ಮೇಡಂ ನೆನ್ನೆ ಅವ್ರ ಮನೇಲಿದ್ರಂತೆ. ಮಜ್ಜಿಗೆ ಕುಡುದ್ರಂತೆ. ಮೊನ್ನೇನೂ ಹೋಗಿದ್ರಂತೆ.” ನನ್ನ ಮನೆಗೆ ಆಕೆ ಬಂದದ್ದು ಒಂದೇ ಸಲ. ಕಾಫಿ ಕೊಟ್ಟರೂ ಅರ್ಧ ಬಿಟ್ಟು ಹೋಗಿದ್ದರು. ತಡೆಯಲಾಗಲಿಲ್ಲ. ಮಾಗಡಿಯಲ್ಲಿ ಕೆಲಸವಿದೆ ಎಂದು ಹೇಳಿ ಬೈಕ್ ಹತ್ತಿದೆ.

ಷಡ್ಡಕ ಮನೆಯಲ್ಲಿರಲಿಲ್ಲ. ಕುರಿ ಹೊಡೆದುಕೊಂಡು ಹೋಗಿದ್ದ. ನಾದಿನಿ ಹುಳುಮನೆಯ ಬಾಗಿಲಲ್ಲಿ ಕಾಲು ತೊಳೆಯಲು ನೀರು ಕೊಟ್ಟಳು. ನಾನು ಒಳಗೆ ಕಾಲಿಡುವ ಮುಂಚೆಯೇ ಪುಸ್ತಕದಲ್ಲಿ ನನ್ನ ಹೆಸರೂ ಹೊತ್ತೂ ಬರೆದುಕೊಂಡಳು. “ಬರೀಲಿಲ್ಲ ಅಂದ್ರೆ ಬೈತಾರೆ ಭಾವ.”

ಗೋಡೆಯ ಮೊಳೆಗೆ ಎರಡು ಪುಸ್ತಕ ನೇತಾಡುತ್ತಿದ್ದವು. ಒಂದು ಮೇಡಂದು. ಇನ್ನೊಂದು ಹಳೇದು, ಮೂಲೆ ಮಡಚಿದ್ದು. ತೆಗೆದು ನೋಡಿದೆ. ಕುರಿಯ ಪುಸ್ತಕ. ಸಂಜೆ ಕುರಿ ರೊಪ್ಪಕ್ಕೆ ಹೊಕ್ಕ ಮೇಲೆ ಎಷ್ಟು, ಮರಿ ಹಾಕಿದ್ದು ಎಷ್ಟು, ಸತ್ತದ್ದು ಯಾವುದು, ಯಾಕೆ. ಹೊಟ್ಟೆ ಉಬ್ಬರ. ನಾಯಿ ಹಿಡಿದದ್ದು. ಗೊತ್ತಾಗಲಿಲ್ಲ. ವರ್ಷಗಳ ಬರಹ. ಎಣಿಸದೆ ರೊಪ್ಪದ ಬಾಗಿಲು ಹಾಕಿದ ದಿನವಿಲ್ಲ. ಕುರಿ ಸಾಕಿದ್ದ ನಮ್ಮಪ್ಪನೂ ಹೀಗೇ ಎಣಿಸುತ್ತಿದ್ದ, ಬರೆಯಲು ಬರುತ್ತಿರಲಿಲ್ಲ ಅಷ್ಟೆ. ಕುರಿ ಬಿಟ್ಟು ಮೇಲೆ ಬಂದೆ ಎಂದುಕೊಂಡ ನಾನು ಅದನ್ನೂ ಬಿಟ್ಟು ಬಂದಿದ್ದೆ.

ಹುಳು ನೋಡಿದೆ. ನನ್ನ ಹುಳುವಿಗಿಂತ ಸಣ್ಣವು, ಹಿಂದುಮುಂದು. ನನ್ನ ಜೀವ ತಂಪಾಯಿತು. ಹೊರಗೆ ಬಂದಾಗ ರೊಪ್ಪದ ಕಡೆಯಿಂದ ಔಷಧಿ ವಾಸನೆ ಮೂಗಿಗೆ ಬಡಿಯಿತು. ಖಾಲಿ ಡಬ್ಬ ಬೇಲಿಗೆ ಸಿಕ್ಕಿಸಿತ್ತು. ಕುರಿಯ ಮೈಗೆ ಕಚ್ಚಿಕೊಳ್ಳುವ ಉಣ್ಣೆಹುಳು ಸಾಯಲು ಹೊಡೆಯುವ ಔಷಧಿ. ರೇಷ್ಮೆ ಹುಳುವಿಗೆ ಅದು ತಾಗಿದರೆ ಬೆಳೆಯೇ ಇಲ್ಲ. ಹುಳುಮನೆಗೂ ರೊಪ್ಪಕ್ಕೂ ಐವತ್ತು ಹೆಜ್ಜೆ ಇಲ್ಲ. ಲ್ಯಾಬಿಗೆ ಇದು ಗೊತ್ತಾದರೆ ಅವನ ಲಾಟ್ ಅಲ್ಲಿಗೇ ಮುಗಿಯಿತು.

ಮಾಗಡಿ ರಸ್ತೆಗೆ ಬಂದು, ಬೈಕ್ ಪಕ್ಕಕ್ಕೆ ಹಾಕಿ, ಮೇಡಂಗೆ ಫೋನ್ ಮಾಡಿದೆ.

“ಮೇಡಂ, ನಿಮ್ಮ ಒಳ್ಳೇದಕ್ಕೆ ಹೇಳ್ತಾ ಇದ್ದೀನಿ. ನಮ್ಮ ಷಡ್ಡಕ ಕುರಿಗೆ ಉಣ್ಣೆ ಔಷಧಿ ಹೊಡ್ದವ್ನೆ, ಹುಳುಮನೆ ಪಕ್ಕದಲ್ಲೇ.”

“ಹೌದು, ಮೊನ್ನೆ ಬೆಳಿಗ್ಗೆ. ಪುಸ್ತಕದಲ್ಲಿ ಬರೆದಿದ್ದಾರಲ್ಲ” ಎಂದರು ಆಕೆ. “ಔಷಧಿ ಹೆಸರು, ಎಷ್ಟು ಹೊತ್ತಿಗೆ, ಗಾಳಿ ಯಾವ ಕಡೆಗೆ ಬೀಸ್ತಿತ್ತು, ಎಲ್ಲ ಇದೆ. ಎರಡು ದಿನ ಅವರು ಹುಳುಮನೆ ಒಳಗೆ ಹೋಗಿಲ್ಲ, ಹೆಂಡತಿ ಸೊಪ್ಪು ಹಾಕಿದ್ದಾರೆ. ಆ ಕಡೆಯ ನಾಲ್ಕು ಸಾಲು ಕೊಯ್ದಿಲ್ಲ. ನಾನು ಆ ಸೊಪ್ಪನ್ನ ಪರೀಕ್ಷೆಗೆ ತಂದಿದ್ದೀನಿ.”

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

“ನೀವೇ ಫೋನ್ ಮಾಡಿದ್ದು ಒಳ್ಳೇದಾಯ್ತು. ನಿಮ್ಮ ಪುಸ್ತಕದ ಬಗ್ಗೆ ಕೇಳಬೇಕಿತ್ತು. ನಾಳೆ ಬರ್ತೀನಿ.”

ಮರುದಿನ ಮಧ್ಯಾಹ್ನ ನನ್ನ ಹುಳು ಹಣ್ಣಾಗತೊಡಗಿತ್ತು. ಮೈ ತಿಳಿಯಾಗಿ, ತಲೆ ಎತ್ತಿ ಗೂಡಿಗೆ ಜಾಗ ಹುಡುಕುತ್ತಿದ್ದವು. ನಾನೂ ಹೆಂಡತಿಯೂ ಅವನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದೆವು. ಬಿದಿರ ತಟ್ಟೆಯ ಮೇಲೆ ಸುತ್ತಿಸುತ್ತಿ ಕಟ್ಟಿದ ಆ ಚಂದ್ರಿಕೆಯಲ್ಲಿ ಹುಳು ತುಂಬಿದಾಗ ನೋಡುವುದೇ ಒಂದು ಚೆಂದ. ಮೇಡಂ ಅದರ ಕಡೆ ತಿರುಗಲಿಲ್ಲ. ಪುಸ್ತಕ ಕೇಳಿದರು. ನಿಂತಲ್ಲೇ ಎಲ್ಲ ಪುಟ ತಿರುವಿದರು.

“ಹದಿನೇಳು ದಿನ. ಹದಿನೇಳೂ ಸೊನ್ನೆ.”

“ಹುಳ ಚೆನ್ನಾಗವೆ ಮೇಡಂ. ನೀವೇ ನೋಡಿ.”

“ಇಪ್ಪತ್ತು ಸಾವಿರ ಜೀವ. ಒಂದೂ ಸಾಯಲಿಲ್ಲವಾ?”

ಇನ್ನು ಮುಚ್ಚಿಟ್ಟು ಫಲವಿಲ್ಲ ಎಂದು ಗೊತ್ತಾಯಿತು. ಆದರೂ ಕಸುಬಿನ ಬುದ್ಧಿ ಎಲ್ಲಿಗೆ ಹೋಗುತ್ತದೆ? “ಒಸಿ ಹಾಲುರೋಗ ಬಂದಿತ್ತು. ಎಲ್ಲ ಆರಿಸಿ ತೆಗ್ದಿದ್ದೀವಿ, ಸುಣ್ಣ ಮುಟ್ಟಿಲ್ಲ. ಒಂದು ಇನ್ನೂರು ಅಂತ ಹಾಕ್ಕೊಳಿ.”

“ಇನ್ನೂರಾ?”

“ಬ್ಯಾಡ, ಮುನ್ನೂರು ಹಾಕಿ. ನಿಮ್ಗೆ ಜಾಸ್ತಿ ಬೇಕು ಅಂದ್ರೆ ಐನೂರಾದ್ರೂ ಬರ್ಕೊಳಿ, ನಂದೇನೂ ಅಭ್ಯಂತರ ಇಲ್ಲ.”

ಮೇಡಂ ನಕ್ಕೇಬಿಟ್ಟರು. ಚಂದ್ರಿಕೆ ಹಿಡಿದಿದ್ದ ನನ್ನ ಹೆಂಡತಿಯೂ ಸೆರಗು ಬಾಯಿಗೆ ಒತ್ತಿಕೊಂಡಳು. ಸತ್ತ ಹುಳುವಿಗೆ ಚೌಕಾಸಿ ಮಾಡುತ್ತಿದ್ದೇನೆಂದು ನನಗೂ ಆಗಲೇ ಹೊಳೆದದ್ದು.

ನಗು ನಿಂತ ಮೇಲೆ ಆಕೆ ಮೆಲ್ಲಗೆ ಹೇಳಿದರು: “ಹುಳ ಸಾಯೋದು ನಮಗೆ ತೊಂದರೆ ಅಲ್ಲ. ಅದು ಎಲ್ಲ ಮನೇಲೂ ಸಾಯುತ್ತೆ. ಯಾವತ್ತು, ಎಷ್ಟು, ಯಾತಕ್ಕೆ ಅಂತ ಗೊತ್ತಿಲ್ಲದಿರೋದು ತೊಂದರೆ. ಇದು ಸುಟ್ಟವರ ಮೈಮೇಲೆ ಹಾಕೋ ವಸ್ತು. ಅವರ ಗಾಯಕ್ಕೆ ಕೀವು ಬಂದರೆ ನಾನು ಹಿಂದಕ್ಕೆ ಹೋಗಿ ಹುಡುಕಬೇಕು, ನಿಮ್ಮ ಬಾಗಿಲ ತನಕ. ನೀವು ಸೊನ್ನೆ ಬರೆದರೆ ನಾನು ಎಲ್ಲಿ ಹುಡುಕಲಿ?”

ಇನ್ನೂ ಒಂದು ಅವಕಾಶವಿತ್ತು. ಸರಿಯಾಗಿ ನೆನಪಿದೆ ಎಂದು ಹೇಳಿ ದಿನಕ್ಕಿಷ್ಟು ಎಂದು ಬರೆಸಬಹುದಿತ್ತು. ನಾಲಿಗೆ ತುದಿಯ ತನಕ ಬಂದಿತ್ತು ಕೂಡ. “ಎಣಿಸ್ಲಿಲ್ಲ ಮೇಡಂ” ಎಂದೆ. “ಬಕೆಟ್ ಎತ್ತಿ ಸುರಿದ್ಬುಟ್ಟೆ.”

“ಹಾಗಾದರೆ ಈ ಗೂಡು ನನಗೆ ಬೇಡ.”

ಆ ಗೂಡನ್ನು ರಾಮನಗರದ ಮಾರುಕಟ್ಟೆಗೆ ಹಾಕಿದೆ. ಒಳ್ಳೆ ದರಕ್ಕೇ ಹೋಯಿತು. ಕೊಂಡವನು ಕೈಯಲ್ಲಿ ನಾಲ್ಕು ಗೂಡು ಅಲ್ಲಾಡಿಸಿ, “ಏನ್ ಗೂಡ್ ಸಾಮಿ” ಎಂದ. ಸತ್ತದ್ದು ಎಷ್ಟು ಎಂದು ಕೇಳಲಿಲ್ಲ. ಅವನ ಗಿರಣಿಗೆ ಅದು ಬೇಕಾಗಿಯೂ ಇರಲಿಲ್ಲ. ಷಡ್ಡಕನ ಲಾಟಿನಲ್ಲಿ ಜೋಡಿ ಗೂಡು, ಕಲೆ ಗೂಡು, ತೆಳು ಗೂಡು ಎಲ್ಲ ಇದ್ದವಂತೆ. ಆರಿಸದೆ ಇದ್ದದ್ದೆಲ್ಲ ತರಬೇಕೆಂದು ಮೇಡಂ ಹೇಳಿದ್ದರಿಂದ ಹಾಗೇ ಕೊಟ್ಟಿದ್ದ. ಆ ನಾಲ್ಕು ಸಾಲಿನ ಸೊಪ್ಪೂ ಶುದ್ಧ ಎಂದು ಬಂತು. ಲ್ಯಾಬ್ ಅವನನ್ನೇ ಇಟ್ಟುಕೊಂಡಿತು.

ಆಮೇಲೆ ಅತ್ತೆಮನೆಯಲ್ಲಿ ಒಂದು ನಾಮಕರಣಕ್ಕೆ ಹೋಗಬೇಕಾಯಿತು. ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು: “ನಮ್ಮ ಚಿಕ್ಕಳಿಯನ ಗೂಡು ಈಗ ಆಸ್ಪತ್ರೆಗೆ ಹೋಯ್ತದಂತೆ ಕಣವ್ವ, ಸುಟ್ಟ ಗಾಯ ವಾಸಿ ಮಾಡ್ತದಂತೆ.” ಆ ಹುಳು ನನ್ನ ಕೈಯಲ್ಲಿ ಮೊಟ್ಟೆಯೊಡೆದದ್ದು, ಎಳೆ ಸೊಪ್ಪು ಕೊಚ್ಚಿ ಹಾಕಿ ಹತ್ತು ದಿನ ಕಾದವನು ನಾನು ಎಂದು ಎದ್ದು ಕೂಗಬೇಕೆನಿಸಿತು. ಯಾರೋ ಕುರ್ಚಿ ತಂದು ಹಾಕಿದರು. ಕೂತೆ.

ಮುಂದಿನ ಬೆಳೆಗೆ ಮೊಟ್ಟೆ ಇಡುವ ಹೊತ್ತಿಗೆ ಷಡ್ಡಕನೇ ಬಂದ, ಕೈಯಲ್ಲಿ ಒಂದು ಹೊಸ ಪುಸ್ತಕ.

“ಅಣ್ಣ, ಮೇಡಂ ಇದನ್ನ ಕೊಟ್ಟವ್ರೆ. ನನ್ನ ಪುಸ್ತಕ ಎರಡನೇ ಜ್ವರದಿಂದ ಶುರುವಾಯ್ತದಂತೆ. ಅದಕ್ಕಿಂತ ಮುಂಚೇದು ಚಾಕಿಯೋರು ಬರೀಬೇಕಂತೆ. ಅದಿಲ್ದಿದ್ರೆ ಲಾಟ್ ತಕಳಕ್ಕಾಗಲ್ಲ ಅಂದ್ರು.”

“ಬ್ಯಾರೆ ಚಾಕಿ ಕೇಳೋಗ್ಲಾ.”

“ಇಬ್ರನ್ನ ಕೇಳ್ದೆ. ಸತ್ತಿದ್ದು ಬರ್ಯಕ್ಕೆ ನಮ್ಗೇನು ಹುಚ್ಚಾ ಅಂದ್ರು. ಅಲ್ಲಣ್ಣ, ಕಾಸು ಕೇಳಿದ್ರೆ ಕೊಡ್ತೀನಿ...”

“ಕಾಸಿನ ಮಾತು ನನ್ನತ್ರ ಎತ್ಬ್ಯಾಡ. ಮಡುಗೋಗು” ಎಂದೆ.

ಪುಸ್ತಕ ಮೇಜಿನ ಮೇಲೆ ಇತ್ತು. ಕೊನೆಯ ಎರಡು ಕಾಲಂ ನನಗೆ ಚೆನ್ನಾಗಿ ಗೊತ್ತಿದ್ದವೇ. ಅದನ್ನು ನೋಡಿದಾಗ ನನ್ನ ತಲೆಗೆ ಬಂದದ್ದನ್ನು ಇಲ್ಲಿ ಬರೆಯುತ್ತೇನೆ. ನಾನು ಹತ್ತು ದಿನವೂ ಸೊನ್ನೆ ಬರೆದರೆ ಸಾಕಿತ್ತು. ಸುಳ್ಳು ಹೇಳಿದ ಎಂದು ಯಾರೂ ನನ್ನನ್ನು ಅನ್ನುವುದಿಲ್ಲ. ಎಲ್ಲ ಚಾಕಿಯವರೂ ಹಾಗೆಯೇ ಹೇಳುತ್ತಾರೆ. ಮೇಡಂ ಪುಸ್ತಕ ತಿರುವುತ್ತಾರೆ, ಸೊನ್ನೆ ನೋಡುತ್ತಾರೆ, ಲಾಟ್ ಬೇಡ ಅನ್ನುತ್ತಾರೆ. ಷಡ್ಡಕನಿಗೆ ಯಾಕೆಂದು ಕೂಡ ತಿಳಿಯುವುದಿಲ್ಲ. ಮುಂದಿನ ಹಬ್ಬಕ್ಕೆ ಅತ್ತೆಮನೆಯಲ್ಲಿ ಆಸ್ಪತ್ರೆಯ ಮಾತು ಇರುವುದಿಲ್ಲ.

ಮೊದಲ ಜ್ವರ ಎದ್ದ ಬೆಳಿಗ್ಗೆ ಬಲೆ ಎತ್ತುವ ಕೆಲಸ. ಎದ್ದ ಹುಳುವಿನ ಮೇಲೆ ಬಲೆ ಹಾಸಿ ಎಳೆ ಸೊಪ್ಪು ಉದುರಿಸಿದರೆ ಆರೋಗ್ಯವಾದವು ಬಲೆ ಹತ್ತಿ ಬರುತ್ತವೆ. ಬಲೆಯೆತ್ತಿ ಬೇರೆ ಟ್ರೇಗೆ ಹಾಕಿದ ಮೇಲೆ ಕೆಳಗೆ ಉಳಿಯುವುದು ಒಣಗಿದ ಸೊಪ್ಪು, ಹಿಕ್ಕೆ, ಏಳಲಾರದ ಹುಳು. ಎಳ್ಳಿಗಿಂತ ಒಂದಿಷ್ಟು ಉದ್ದವಿರುತ್ತವೆ. ಅದನ್ನೆಲ್ಲ ಮಡಚಿ ಗುಂಡಿಗೆ ಹಾಕುವುದು ಇಷ್ಟು ವರ್ಷದ ರೂಢಿ. ಹೆಂಡತಿ ಆ ಕಾಗದವನ್ನು ಮಡಚದೆ ಮೇಜಿನ ಮೇಲೆ ಹರಡಿದಳು. ಕೋಳಿಪುಕ್ಕ ನನ್ನ ಮುಂದೆ ಇಟ್ಟಳು.

ನಾನು ಪೆನ್ ಹಿಡಿದು ಕೂತೇ ಇದ್ದೆ.

“ನೀವೇನ್ ಯೋಚ್ನೆ ಮಾಡ್ತಾ ಇದ್ದೀರಿ ಅಂತ ನನಗ್ಗೊತ್ತು” ಎಂದಳು. “ಸೊನ್ನೆ ಬರ್ದ್ರೆ ಅವ್ನ್ದು ಹೋಯ್ತದೆ. ಬರೀರಿ ಬೇಕಾದ್ರೆ. ನಾನು ನನ್ ತಂಗಿಗೆ ಹೇಳಲ್ಲ. ಆದ್ರೆ ಆ ಸುಟ್ಕಂಡೋರಿಗೆ ಏನ್ ಹೇಳ್ತೀರಿ?”

“ಅವ್ರಿಗೇನ್ ಸಂಬಂಧ ಇದಕ್ಕೆ?”

“ನಂಗೊತ್ತಿಲ್ಲ. ಬಾಗಿಲ ತನಕ ಬಂದು ಹುಡುಕ್ತೀನಿ ಅಂತ ಆವಮ್ಮ ಹೇಳ್ತಾಗ ನಾನೂ ಇದ್ದೆ.”

ಪುಕ್ಕ ತೆಗೆದುಕೊಂಡೆ. ಸೊಪ್ಪಿನ ಚೂರು ಒಂದು ಕಡೆ, ಹುಳು ಒಂದು ಕಡೆ ಸರಿಸುತ್ತಾ ಎಣಿಸಿದೆ. ಕಣ್ಣು ಮಂಜಾಯಿತು. ಎರಡು ಸಲ ತಪ್ಪಿ ಮೊದಲಿಂದ ಶುರುಮಾಡಿದೆ. ಆ ದಿನದ ಲೆಕ್ಕ ಬರೆದೆ. ಎರಡನೇ ಜ್ವರಕ್ಕೆ ಕೂರುವ ಮುಂಚಿನ ಬಲೆಯದ್ದೂ ಎಣಿಸಿದೆ. ಚಾಕಿ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು ಹೇಳುತ್ತೇನೆ: ಎಣಿಸಿ ನೋಡಿ. ಬಾಗಿಲ ಪಕ್ಕದ ಟ್ರೇಗಳಲ್ಲಿ ಸತ್ತು ಕೆಳಗೆ ಉಳಿದವು ಒಳಗಿನದಕ್ಕಿಂತ ಎರಡರಷ್ಟು ಎಂದು ನನಗೆ ಗೊತ್ತಾದದ್ದು ಇಷ್ಟು ವರ್ಷದ ಮೇಲೆ, ಈ ಎಣಿಕೆಯಿಂದ. ಆ ಬಾಗಿಲಿಗೆ ಈಗ ದಪ್ಪ ಪರದೆ ಹಾಕಿಸಿದ್ದೇನೆ.

ಒಯ್ಯುವ ದಿನ ಸಮನಾಗಿ ಕೂತ ಟ್ರೇಗಳನ್ನೇ ಅವನ ಟೆಂಪೋಗೆ ಹತ್ತಿಸಿದೆ. ಪುಸ್ತಕ ಕೊಟ್ಟೆ. ಅವನು ಅಲ್ಲೇ ತೆಗೆದು ಓದಿದ.

“ಕೊನೇ ಬಲೇಲಿ ಅರವತ್ಮೂರಾ? ಏನಣ್ಣ, ನಿನ್ನಂತ ದೊಡ್ಡೋನ ಚಾಕೀಲಿ ಇಷ್ಟೊಂದಾ!”

“ಎಣಿಸಕ್ಕೆ ಬರೋನು ಎಣಿಸಿದ್ರೆ ಅಷ್ಟು ಸಿಗ್ತವೆ ಕಣ್ಲಾ. ನೀನು ಕುರಿ ಎಣಿಸ್ದಂಗೆ ಎಣಿಸ್ತಿದ್ದೀಯ, ನಿಂಗೆ ಅರ್ಧ ಕಾಣ್ಸಲ್ಲ. ಗಾಡಿ ಮೆಲ್ಲಗೆ ಓಡ್ಸು, ಜ್ವರಕ್ಕೆ ಕೂತವೆ.”

ಅವನು ನಗುತ್ತಾ ಹೊರಟ. ಆ ನಗು ನೋಡಿ ನನ್ನ ಹೊಟ್ಟೆ ಉರಿ ತಣ್ಣಗಾಯಿತು ಎಂದು ಬರೆದರೆ ಅದೂ ಒಂದು ಸೊನ್ನೆಯೇ. ಟೆಂಪೋ ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತಲೇ ಇದ್ದೆ.

ಒಳಗೆ ಬಂದು ಮೇಜು ಒರೆಸಲು ಹೋದೆ. ಕೋಳಿಪುಕ್ಕದ ಎಳೆಗಳ ನಡುವೆ ಏನೋ ಕಪ್ಪಗೆ ಅಂಟಿತ್ತು. ಕನ್ನಡಕ ಹಾಕಿಕೊಂಡು ನೋಡಿದೆ. ಒಂದು ಹುಳು. ಸತ್ತು ಒಣಗಿತ್ತು.

ಫೋನ್ ಮಾಡಿದೆ. “ಲೇ, ಗಾಡಿ ನಿಲ್ಸ್ಲಾ. ಅರವತ್ಮೂರಲ್ಲ, ಅರವತ್ನಾಲ್ಕು. ತಿದ್ಕೊ.”

“ಒಂದಕ್ಕೆ ಏನಣ್ಣ ಇಷ್ಟು...”

“ತಿದ್ಕೊ ಅಂದ್ನಲ್ಲ.”

“ಪೆನ್ನಿಲ್ಲ ಕಣಣ್ಣ.”

“ಅಲ್ಲೇ ಇರು, ಬತ್ತೀನಿ” ಎಂದು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಬೈಕ್ ಹತ್ತಿದೆ.